ಹೋಗುವ ದಾರಿ, ಹಿಂದಿರುಗುವ ದಾರಿ

ಪ್ರವೇಶ: ವಿದ್ಯುತ್ತಿನಿಂದ ಲೋಹವನ್ನು ಬೆಸೆಯುವ ಯಂತ್ರವು ಇಂದು ಊರೂರಿಗೂ ಬಂದಿದೆ. ಅದನ್ನು ನೆಲೆಗೊಳಿಸಿ ತಂತಿಗಳನ್ನು ಜೋಡಿಸುವ ಕೆಲಸವು ಹೊರನೋಟಕ್ಕೆ ಸರಳವಾಗಿ ಕಂಡರೂ, ಅಲ್ಲಿ ತೋರಿದ ಅಲಕ್ಷ್ಯದ ಫಲವನ್ನು ಕೆಲವೊಮ್ಮೆ ಏನೂ ಅರಿಯದ ಬೇರೊಬ್ಬರು ಉಣ್ಣಬೇಕಾಗುತ್ತದೆ. ಈ ಪಾಠವು ಆ ಕೆಲಸದ ಕ್ರಮವನ್ನೂ ಅದರ ಹಿಂದಿರುವ ಹೊಣೆಯನ್ನೂ ವಿವರಿಸುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂಬದಿಯ ಬೀದಿಯಲ್ಲಿ ಬೆಸುಗೆಯ ಕಾರ್ಯಾಗಾರವನ್ನು ಇಟ್ಟುಕೊಂಡಿದ್ದಾನೆ. ಟ್ರ್ಯಾಕ್ಟರಿನ ಟ್ರೇಲರು, ಕಬ್ಬಿಣದ ನೇಗಿಲು, ಮನೆಯ ಗೇಟು, ಶಾಲೆಯ ಬೆಂಚು, ಹೀಗೆ ಮುರಿದದ್ದೆಲ್ಲ ಅಲ್ಲಿಗೆ ಬರುತ್ತದೆ, ಕೂಡಿಕೊಂಡು ಹಿಂದಿರುಗುತ್ತದೆ. ಸುಗ್ಗಿಯ ದಿನಗಳಲ್ಲಿ ಹಗಲಿರುಳೆನ್ನದೆ ಅಲ್ಲಿ ನೀಲಿ ಬೆಳಕು ಮಿನುಗುತ್ತಿರುತ್ತದೆ. ನಿವೃತ್ತನಾದ ಮೇಲೆ ಸಂಜೆಯ ಸಂಚಾರಕ್ಕೆ ಹೊರಟಾಗ, ಆ ಬೆಳಕಿಗೆ ಬೆನ್ನು ತಿರುಗಿಸಿ ಅವನ ಅಂಗಡಿಯ ಹೊರಗಿನ ಕಲ್ಲುಬೆಂಚಿನ ಮೇಲೆ ನಾನು ಸ್ವಲ್ಪ ಹೊತ್ತು ಕುಳಿತುಕೊಳ್ಳುವುದುಂಟು.

ಒಂದು ದಿನ ಒಳಗೆ ಹೋದಾಗ, ಗೋಡೆಯ ಮೇಲೆ ದೇವರ ಪಟದ ಮಗ್ಗುಲಲ್ಲಿ ಮೊಳೆಗೆ ತೂಗುಹಾಕಿದ್ದ ಗೇಣುದ್ದದ ತಂತಿಯೊಂದು ಕಣ್ಣಿಗೆ ಬಿತ್ತು. ಅದರ ಹಸಿರು ಹೊದಿಕೆ ಕರಗಿ ಕಪ್ಪಾಗಿತ್ತು. ಒಳಗಿನ ತಾಮ್ರವು ನಡುವೆ ಕಡಿದುಹೋಗಿತ್ತು.

“ಇದೇನಪ್ಪಾ, ದೇವರ ಪಕ್ಕದಲ್ಲಿ ಸುಟ್ಟ ತಂತಿ?” ಎಂದು ಕೇಳಿದೆ.

“ಅದು ನಾನು ಕಲಿತ ಪಾಠ, ಮೇಷ್ಟ್ರೇ. ಶಾಲೆಯಲ್ಲಿ ನೀವು ಹೇಳಿದ್ದನ್ನು ಮರೆತರೂ ಮರೆತೇನು, ಇದನ್ನು ಮರೆಯಬಾರದು ಎಂದು ಅಲ್ಲಿ ಇಟ್ಟಿದ್ದೇನೆ” ಎಂದನು.

ಆ ತಂತಿಯ ಕಥೆ ತಿಳಿಯಬೇಕಾದರೆ, ಬೆಸುಗೆಯ ಯಂತ್ರವು ಹೇಗೆ ಕೆಲಸಮಾಡುತ್ತದೆ, ಅದನ್ನು ಹೇಗೆ ನೆಲೆಗೊಳಿಸಬೇಕು ಎಂಬುದನ್ನು ಮೊದಲು ಅರಿಯಬೇಕು.

ಲೋಹವನ್ನು ಲೋಹಕ್ಕೆ ಕೂಡಿಸುವ ವಿದ್ಯೆ ನಮಗೆ ಹೊಸದಲ್ಲ. ಕಮ್ಮಾರನು ಕುಲುಮೆಯಲ್ಲಿ ಎರಡು ತುಂಡುಗಳನ್ನು ಬಿಳಿಗಾವಿಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿದು ಒಂದುಗೂಡಿಸುತ್ತಿದ್ದನು. ವಿದ್ಯುತ್ತಿನಿಂದ ಈ ಕೆಲಸ ಸಾಧ್ಯವಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಆ ಶತಮಾನದ ಮೊದಲ ದಶಕದಲ್ಲಿಯೇ ರಷ್ಯದ ವಾಸಿಲಿ ಪೆಟ್ರೋವ್ ಮತ್ತು ಇಂಗ್ಲೆಂಡಿನ ಹಂಫ್ರಿ ಡೇವಿ ಎರಡು ಇದ್ದಿಲು ಕಡ್ಡಿಗಳ ನಡುವೆ ವಿದ್ಯುತ್ತು ಉರಿದು ಬೆಳಗುವುದನ್ನು ಕಂಡಿದ್ದರು. ಕಾದ ಗಾಳಿಯು ಮೇಲಕ್ಕೇರುವುದರಿಂದ ಆ ಉರಿಯು ಬಿಲ್ಲಿನಂತೆ ಬಾಗುತ್ತಿತ್ತು. ಆದುದರಿಂದಲೇ ಅದಕ್ಕೆ ವಿದ್ಯುಚ್ಚಾಪವೆಂಬ ಹೆಸರು. ೧೮೮೦ರ ದಶಕದಲ್ಲಿ ಬೆನಾರ್ಡೋಸ್ ಮತ್ತು ಓಲ್ಷೆವ್ಸ್ಕಿ ಎಂಬುವರು ಈ ಚಾಪದ ಕಾವಿನಿಂದ ಲೋಹವನ್ನು ಬೆಸೆಯುವ ವಿಧಾನವನ್ನು ರೂಪಿಸಿದರು. ೧೮೮೮ರಲ್ಲಿ ಸ್ಲಾವ್ಯಾನೋವ್ ಇದ್ದಿಲು ಕಡ್ಡಿಯ ಬದಲಿಗೆ ಲೋಹದ ಕಡ್ಡಿಯನ್ನೇ ಬಳಸಿ, ಅದು ತಾನೇ ಕರಗಿ ಸಂದಿಯನ್ನು ತುಂಬುವಂತೆ ಮಾಡಿದನು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸ್ವೀಡನ್ನಿನ ಆಸ್ಕರ್ ಕೆಲ್‌ಬರ್ಗ್ ಆ ಕಡ್ಡಿಗೆ ಲೇಪವನ್ನು ಕೊಟ್ಟು, ಕರಗಿದ ಲೋಹವನ್ನು ಗಾಳಿಯ ಸೋಂಕಿನಿಂದ ಕಾಪಾಡಿದನು. ಅದೇ ದಶಕದಲ್ಲಿ, ೧೯೦೨ರಲ್ಲಿ, ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತೆಂಬುದನ್ನು ಇಲ್ಲಿ ನೆನೆಯಬಹುದು.

ಬೆಸುಗೆಯ ಕಡ್ಡಿಯನ್ನು ಲೋಹಕ್ಕೆ ತಾಗಿಸಿ, ಕೂಡಲೇ ಎರಡು ಮೂರು ಮಿಲಿಮೀಟರಿನಷ್ಟು ಎತ್ತಿದರೆ, ನಡುವಣ ಗಾಳಿಯೇ ವಿದ್ಯುತ್ತಿಗೆ ದಾರಿಯಾಗುತ್ತದೆ. ಅಲ್ಲಿ ಹುಟ್ಟುವ ಕಾವು ಹಲವು ಸಾವಿರ ಡಿಗ್ರಿಗಳಷ್ಟು. ಕಬ್ಬಿಣವು ಕರಗಲು ೧೫೩೮ ಡಿಗ್ರಿ ಸೆಲ್ಸಿಯಸ್ ಸಾಕು. ಆದರೆ ಈ ಉರಿಗೆ ಬೇಕಾದುದು ಹೆಚ್ಚಿನ ವೋಲ್ಟೇಜಲ್ಲ, ಹೆಚ್ಚಿನ ಪ್ರವಾಹ. ಕಾರ್ಖಾನೆಗೆ ಬರುವ ಮೂರು ಫೇಸುಗಳಲ್ಲಿ ಯಾವುವೇ ಎರಡರ ನಡುವೆ ಇರುವುದು ೪೧೫ ವೋಲ್ಟ್. ಬೆಸುಗೆಯ ಟ್ರಾನ್ಸ್‌ಫಾರ್ಮರು ಅದನ್ನು ಸುಮಾರು ೮೦ ವೋಲ್ಟಿಗೆ ತಗ್ಗಿಸಿ, ಪ್ರವಾಹವನ್ನು ನೂರು, ಇನ್ನೂರು ಆಂಪಿಯರುಗಳಿಗೆ ಹಿಗ್ಗಿಸುತ್ತದೆ. ಎತ್ತರದಿಂದ ಬೀಳುವ ಸಣ್ಣ ಧಾರೆಯನ್ನು ಅಗಲವಾದ ಕಾಲುವೆಯಲ್ಲಿ ನಿಧಾನವಾಗಿ ಹರಿಸಿದಂತೆ ಎಂದು ತಿಳಿಯಬಹುದು. ೧೮೩೧ರಲ್ಲಿ ಮೈಕೇಲ್ ಫ್ಯಾರಡೆಯು ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯೇ ಇದಕ್ಕೆ ಮೂಲ.

ಇಲ್ಲಿ ಚಿಕ್ಕದೊಂದು ಲೆಕ್ಕ ಮಾಡೋಣ. ಯಂತ್ರವು ೮೦ ವೋಲ್ಟಿನಲ್ಲಿ ೨೦೦ ಆಂಪಿಯರ್ ಕೊಡುವುದಾದರೆ, ಗುಣಲಬ್ಧ ೧೬,೦೦೦. ಅದನ್ನು ೪೧೫ರಿಂದ ಭಾಗಿಸಿದರೆ ಸುಮಾರು ೩೯. ಅಂದರೆ ಯಂತ್ರವು ಸರಬರಾಜಿನಿಂದ ೩೯ ಆಂಪಿಯರುಗಳಷ್ಟು ಪ್ರವಾಹವನ್ನು ಎಳೆಯಬಲ್ಲುದು. ಮನೆಯಲ್ಲಿರುವ ದೊಡ್ಡ ಪ್ಲಗ್ಗಿನ ಮಿತಿ ೧೬ ಆಂಪಿಯರ್. ಆದುದರಿಂದ ಇಂಥ ಯಂತ್ರವನ್ನು ಸಿಕ್ಕಿದ ಪ್ಲಗ್ಗಿಗೆ ಸಿಕ್ಕಿಸುವುದಾಗಲಿ, ಬೀದಿಯ ಕಂಬದ ತಂತಿಗೆ ಕೊಕ್ಕೆ ಹಾಕುವುದಾಗಲಿ ಬೆಂಕಿಯನ್ನು ಕೈಯಾರೆ ಕರೆದಂತೆ.

“೮೦ ವೋಲ್ಟ್ ತಾನೆ, ಅದು ಏನು ಮಾಡೀತು?” ಎಂಬ ಮಾತನ್ನು ಕಾರ್ಯಾಗಾರಗಳಲ್ಲಿ ಕೇಳುತ್ತೇವೆ. ಮನುಷ್ಯನನ್ನು ಕೊಲ್ಲುವುದು ಅವನ ಎದೆಯ ಮೂಲಕ ಹಾಯುವ ಪ್ರವಾಹ. ಒಂದು ಮಿಲಿಆಂಪಿಯರ್ ಹಾದರೆ ಜುಮ್ಮೆನ್ನುತ್ತದೆ. ಹತ್ತರ ಆಸುಪಾಸಿನಲ್ಲಿ ಕೈಯ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲಾಗುವುದಿಲ್ಲ. ಐವತ್ತು, ನೂರು ಮಿಲಿಆಂಪಿಯರ್ ಹಾದರೆ ಹೃದಯದ ಲಯವೇ ತಪ್ಪಬಹುದು. ಒಣಗಿದ ಚರ್ಮವು ವಿದ್ಯುತ್ತನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಬೆವರಿನಿಂದ ತೊಯ್ದ ಮೈಯ ತಡೆ ಒಂದು ಸಾವಿರ ಓಮಿಗೆ ಇಳಿಯಬಹುದು. ೮೦ ವೋಲ್ಟನ್ನು ೧,೦೦೦ ಓಮಿನಿಂದ ಭಾಗಿಸಿದರೆ ೮೦ ಮಿಲಿಆಂಪಿಯರ್. ಬೇಸಗೆಯ ಮಧ್ಯಾಹ್ನ, ತಗಡಿನ ಸೂರಿನ ಕೆಳಗೆ, ಬರಿಗೈಯಲ್ಲಿ ಕಡ್ಡಿಯನ್ನು ಬದಲಿಸುವವನಿಗೆ ಈ ಲೆಕ್ಕ ಗೊತ್ತಿರಬೇಕು.

ಇನ್ನು ಯಂತ್ರವನ್ನು ನೆಲೆಗೊಳಿಸುವ ಕ್ರಮ. ವಿದ್ಯಾರ್ಥಿಗಳು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು: ಇದು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರನು ಮಾಡತಕ್ಕ ಕೆಲಸ. ನಾವು ಕ್ರಮವನ್ನು ಅರಿಯುವುದು ಅದನ್ನು ನಾವೇ ಮಾಡುವುದಕ್ಕಲ್ಲ. ತಪ್ಪು ನಡೆದಾಗ ಗುರುತಿಸುವುದಕ್ಕೆ, ಪ್ರಶ್ನಿಸುವುದಕ್ಕೆ.

ಮೊದಲನೆಯದು ಸ್ಥಳ. ನೆಲ ಒಣಗಿರಬೇಕು, ಮಳೆಯ ಇರಚಲು ಬೀಳಬಾರದು. ಯಂತ್ರವು ಕಾಯುವುದರಿಂದ ಸುತ್ತಲೂ ಗಾಳಿಯಾಡಲು ತೆರಪಿರಬೇಕು. ಉಜ್ಜುವ ಚಕ್ರದಿಂದ ಹಾರುವ ಕಬ್ಬಿಣದ ಪುಡಿ ಯಂತ್ರದೊಳಕ್ಕೆ ಸೇರಿದರೆ ಅದೇ ವಿದ್ಯುತ್ತಿಗೆ ಸೇತುವೆಯಾಗುತ್ತದೆ. ಹುಲ್ಲು, ಹತ್ತಿ, ಬಣ್ಣ, ಡೀಸೆಲ್ ಮುಂತಾದವು ಬೆಸುಗೆಯ ತಾಣದಿಂದ ಕಡೆಯ ಪಕ್ಷ ೩೫ ಅಡಿ ದೂರದಲ್ಲಿರಬೇಕೆಂದು ವಾಡಿಕೆ. ಕಿಡಿಯು ನಾವೆಣಿಸಿದುದಕ್ಕಿಂತ ದೂರ ಹಾರುತ್ತದೆ.

ಎರಡನೆಯದು ಯಂತ್ರದ ಮೈಮೇಲಿನ ಫಲಕ. ಅದಕ್ಕೆ ಎಷ್ಟು ವೋಲ್ಟ್ ಬೇಕು, ಗರಿಷ್ಠ ಎಷ್ಟು ಆಂಪಿಯರ್ ಎಳೆಯುತ್ತದೆ, ಎಷ್ಟು ಹೊತ್ತು ದುಡಿದರೆ ಎಷ್ಟು ಹೊತ್ತು ವಿಶ್ರಾಂತಿ ಬೇಕು ಎಂಬುದನ್ನೆಲ್ಲ ತಯಾರಕರು ಅಲ್ಲಿ ಅಚ್ಚುಹಾಕಿರುತ್ತಾರೆ. ಕೆಲವು ಯಂತ್ರಗಳನ್ನು ೨೩೦ ವೋಲ್ಟಿಗೂ ೪೧೫ ವೋಲ್ಟಿಗೂ ಹೊಂದಿಸಬಹುದು. ೨೩೦ಕ್ಕೆ ಹೊಂದಿಸಿದ ಯಂತ್ರಕ್ಕೆ ೪೧೫ ಕೊಟ್ಟರೆ ಅದು ಸುಟ್ಟುಹೋಗುವುದಲ್ಲದೆ, ಕಡ್ಡಿ ಹಿಡಿದವನ ಕೈಗೂ ಮಿತಿಮೀರಿದ ವೋಲ್ಟೇಜು ಬರುತ್ತದೆ. ಓದುಬರಹ ಪ್ರಾಣವನ್ನು ಉಳಿಸುತ್ತದೆ ಎಂಬ ಮಾತಿಗೆ ಈ ಫಲಕಕ್ಕಿಂತ ನೇರವಾದ ನಿದರ್ಶನ ಬೇಡ.

ಮೂರನೆಯದು ಸರಬರಾಜಿನ ನಿಲುಗಡೆ. ತಂತಿಯನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ಚನ್ನು ಆರಿಸಿ, ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡು, ಸ್ವಿಚ್ಚಿಗೆ ಬೀಗ ಹಾಕಬೇಕು. ಬಳಿಕ ತಂತಿಯಲ್ಲಿ ವಿದ್ಯುತ್ತಿಲ್ಲವೆಂಬುದನ್ನು ಪರೀಕ್ಷಿಸಬೇಕು. ಪರೀಕ್ಷಿಸುವ ಸಾಧನವೇ ಕೆಟ್ಟಿದ್ದರೆ ಅದು ಎಲ್ಲ ತಂತಿಯನ್ನೂ ನಿರ್ಜೀವವೆಂದೇ ತೋರಿಸೀತು. ಆದುದರಿಂದ ವಿದ್ಯುತ್ತಿರುವ ಕಡೆ ಅದನ್ನು ಮೊದಲೊಮ್ಮೆ, ಕೊನೆಗೊಮ್ಮೆ ಒರೆಹಚ್ಚಿ ನೋಡುವುದು ಬಲ್ಲವರ ಪದ್ಧತಿ.

ನಾಲ್ಕನೆಯದು ಯಂತ್ರಕ್ಕೇ ಮೀಸಲಾದ ಸ್ವಿಚ್ಚು ಮತ್ತು ತಂತಿ. ಬೆಸುಗೆಗಾರನು ಒಂದೆರಡು ಹೆಜ್ಜೆಯಲ್ಲಿ ಕೈಚಾಚಿ ಆರಿಸುವಂತೆ ಸ್ವಿಚ್ಚು ಇರಬೇಕು. ಅದಕ್ಕೆ ಒರಗಿಸಿ ಸಾಮಾನು ಪೇರಿಸಬಾರದು. ಫ್ಯೂಸು ಫಲಕದಲ್ಲಿ ಹೇಳಿದ ಅಳತೆಯದೇ ಇರಬೇಕು. ಪದೇ ಪದೇ ಕರಗುತ್ತದೆಂದು ನಾಲ್ಕೆಳೆ ತಂತಿಯನ್ನು ಹೊಸೆದು ಕಟ್ಟುವುದು, ಬೊಗಳುತ್ತದೆಂದು ಕಾವಲುನಾಯಿಯ ಬಾಯನ್ನು ಕಟ್ಟಿದಂತೆ. ಸರಬರಾಜಿನ ಕೇಬಲ್ಲು ಸಾಕಷ್ಟು ದಪ್ಪವಾಗಿಯೂ ಆದಷ್ಟು ಗಿಡ್ಡವಾಗಿಯೂ ಇರಬೇಕು. ಯಾರಾದರೂ ಎಡವಿ ಎಳೆದರೂ ಎಳೆತವು ಒಳಗಿನ ತಿರುಪುಗಳನ್ನು ತಲುಪದಂತೆ, ಯಂತ್ರದ ಬಾಯಲ್ಲಿಯೇ ಅದನ್ನು ಬಿಗಿಹಿಡಿದಿರಬೇಕು. ಒಳಗಡೆ ಹಸಿರು ತಂತಿಯನ್ನು ಉಳಿದವುಗಳಿಗಿಂತ ತುಸು ಉದ್ದವಾಗಿ ಬಿಡುತ್ತಾರೆ. ಕೇಬಲ್ಲು ಕಿತ್ತುಬಂದರೂ ಕೊನೆಗೆ ಕಳಚುವುದು ರಕ್ಷಣೆಯ ತಂತಿಯಾಗಿರಬೇಕೆಂಬ ಮುಂದಾಲೋಚನೆ ಅದು.

ಐದನೆಯದು ಭೂಸಂಪರ್ಕ. ಯಂತ್ರದೊಳಗೆ ಎಲ್ಲಿಯಾದರೂ ಹೊದಿಕೆ ಹರಿದು ಫೇಸಿನ ತಂತಿ ಲೋಹದ ಕವಚಕ್ಕೆ ತಾಗಿದರೆ, ಕವಚವನ್ನು ಮುಟ್ಟಿದವನ ಮೂಲಕ ವಿದ್ಯುತ್ತು ನೆಲಕ್ಕಿಳಿಯುತ್ತದೆ. ಕವಚವನ್ನು ಮೊದಲೇ ದಪ್ಪ ತಂತಿಯಿಂದ ನೆಲಕ್ಕೆ ಜೋಡಿಸಿದ್ದರೆ ವಿದ್ಯುತ್ತು ಆ ಸುಲಭದ ದಾರಿಯನ್ನು ಹಿಡಿಯುತ್ತದೆ. ೨೩೦ ವೋಲ್ಟಿಗೆ ಆ ದಾರಿಯ ತಡೆ ಎರಡೇ ಓಮ್ ಇದ್ದರೆ ಹರಿಯುವ ಪ್ರವಾಹ ೧೧೫ ಆಂಪಿಯರ್. ಸಣ್ಣ ಯಂತ್ರದ ಫ್ಯೂಸು ಒಡನೆಯೇ ಕರಗಿ ಅಪಾಯ ತಪ್ಪುತ್ತದೆ. ಇದಕ್ಕಾಗಿ ಎರಡೂವರೆ ಮೀಟರಿಗೆ ಕಡಮೆಯಿಲ್ಲದ ಕೊಳವೆಯನ್ನು ನೆಲದಲ್ಲಿ ಹೂತು, ಸುತ್ತ ಇದ್ದಿಲು ಮತ್ತು ಉಪ್ಪನ್ನು ತುಂಬಿ, ಬೇಸಗೆಯಲ್ಲಿ ನೀರು ಹೊಯ್ದು ತೇವ ಕಾಯುವುದು ನಮ್ಮಲ್ಲಿ ಬಹುಕಾಲದ ರೂಢಿ. ಇಂಥ ಯಂತ್ರಗಳ ಲೋಹದ ಕವಚಕ್ಕೆ ಬೇರೆ ಬೇರೆಯಾದ ಎರಡು ಭೂಸಂಪರ್ಕಗಳಿರಬೇಕೆಂದು ನಮ್ಮ ದೇಶದ ವಿದ್ಯುತ್ ನಿಯಮಗಳು ವಿಧಿಸುತ್ತವೆ. ಒಂದು ಕಡಿದರೂ ಇನ್ನೊಂದು ಕಾಯಲೆಂಬುದೇ ಅದರ ಆಶಯ.

ಆರನೆಯದು ಬೆಸುಗೆಯ ಕಡೆಯ ಎರಡು ದಪ್ಪ ಕೇಬಲ್ಲುಗಳು. ಒಂದು ಕಡ್ಡಿ ಹಿಡಿಯುವ ಹೋಲ್ಡರಿಗೆ ಹೋಗುತ್ತದೆ. ಇನ್ನೊಂದು ಬೆಸೆಯಬೇಕಾದ ವಸ್ತುವಿನಿಂದ ಯಂತ್ರಕ್ಕೆ ಹಿಂದಿರುಗುತ್ತದೆ. ಹೋಗುವ ದಾರಿಯಷ್ಟೇ ಹಿಂದಿರುಗುವ ದಾರಿಯೂ ಗಟ್ಟಿಯಾಗಿರಬೇಕು. ಎರಡರ ತುದಿಗಳಿಗೂ ಲಗ್ಗುಗಳನ್ನು ಒತ್ತಿ ತಿರುಪನ್ನು ಬಿಗಿಯಬೇಕು. ಸಡಿಲವಾದ ಒಂದು ಸಂದಿಯಲ್ಲಿ ಒಂದು ಓಮಿನ ಇಪ್ಪತ್ತನೆಯ ಒಂದು ಭಾಗದಷ್ಟು ತಡೆಯಿದ್ದರೂ, ೨೦೦ ಆಂಪಿಯರ್ ಹರಿಯುವಾಗ ಅಲ್ಲಿ ೨,೦೦೦ ವಾಟ್ ಕಾವು ಹುಟ್ಟುತ್ತದೆ. ನೀರು ಕಾಯಿಸುವ ದೊಡ್ಡ ಕಾಯಿಲ್ಲುಗಳೆರಡನ್ನು ಆ ಸಂದಿಯಲ್ಲಿ ಇಟ್ಟಂತಾಯಿತು!

ಈ ಹಿಂದಿರುಗುವ ಕೇಬಲ್ಲಿನ ಚಿಮುಟವನ್ನು ಬೆಸೆಯುವ ವಸ್ತುವಿಗೇ, ಬೆಸುಗೆಯ ತಾಣಕ್ಕೆ ಆದಷ್ಟು ಸಮೀಪದಲ್ಲಿ ಕಚ್ಚಿಸಬೇಕು. ಕಟ್ಟಡದ ಕಂಬಕ್ಕಾಗಲಿ, ನೀರಿನ ಕೊಳಾಯಿಗಾಗಲಿ, ಎತ್ತುವ ಸರಪಳಿಗಾಗಲಿ ಕಚ್ಚಿಸಬಾರದು. ಏಕೆಂದರೆ ವಿದ್ಯುತ್ತು ತನ್ನ ಮನೆಗೆ ಹಿಂದಿರುಗಿಯೇ ತೀರುತ್ತದೆ. ನಾವು ದಾರಿಯನ್ನು ಕೊಡದಿದ್ದರೆ ತಾನೇ ಹುಡುಕಿಕೊಳ್ಳುತ್ತದೆ. ನನ್ನ ವಿದ್ಯಾರ್ಥಿಯ ಗೋಡೆಯ ಮೇಲಿನ ತಂತಿಯ ಕಥೆ ಆರಂಭವಾಗುವುದು ಇಲ್ಲಿಂದಲೇ.

ಅವನು ಆಗ ಹದಿನೆಂಟರ ಹುಡುಗ. ಬೇರೆಡೆಯಲ್ಲಿ ಮೇಸ್ತ್ರಿಯೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದನು. ಒಂದು ದಿನ ಕಬ್ಬಿಣದ ಮೇಜಿನ ಮೇಲೆ ಗೇಟೊಂದನ್ನು ಬೆಸೆಯಬೇಕಾಗಿತ್ತು. ಹಿಂದಿರುಗುವ ಕೇಬಲ್ಲು ಮೇಜಿನವರೆಗೆ ಸಾಲಲಿಲ್ಲ. ಆ ಕೇಬಲ್ಲನ್ನು ಕಾರ್ಯಾಗಾರಗಳಲ್ಲಿ ‘ಅರ್ತ್’ ಎನ್ನುತ್ತಾರೆ. ನೆಲಕ್ಕೆ ಹೋಗುವ ರಕ್ಷಣೆಯ ತಂತಿಗೂ ‘ಅರ್ತ್’ ಎಂದೇ ಹೆಸರು. ಹೆಸರು ಒಂದೇ ಆದುದರಿಂದ ಕೆಲಸವೂ ಒಂದೇ ಎಂದು ಹುಡುಗ ನಂಬಿದನು. ಚಿಮುಟವನ್ನು ಸೂರಿನ ಕಬ್ಬಿಣದ ಕಂಬಕ್ಕೆ ಕಚ್ಚಿಸಿದನು. ಚಾಪ ಹೊತ್ತಿತು, ಬೆಸುಗೆ ನಡೆಯಿತು. ಸ್ವಲ್ಪ ಹೊತ್ತಿಗೆ ಚಾಪ ತಾನಾಗಿ ನಂದಿತು. ಅವನು ಗೇಟನ್ನು ಕಂಬದ ಬಳಿಗೆ ಎಳೆದುತಂದು, ಚಿಮುಟವನ್ನು ಗೇಟಿಗೇ ಹಾಕಿ ಕೆಲಸ ಮುಗಿಸಿದನು. ಚಾಪ ಏಕೆ ನಂದಿತೆಂದು ಅವನೂ ಕೇಳಲಿಲ್ಲ, ಯಾರೂ ಕೇಳಲಿಲ್ಲ.

ಆ ಮೇಜಿಗೆ ರಂಧ್ರ ಕೊರೆಯುವ ಡ್ರಿಲ್ಲಿಂಗ್ ಯಂತ್ರವೊಂದನ್ನು ಬೋಲ್ಟು ಹಾಕಿ ನಿಲ್ಲಿಸಿದ್ದರು. ಅದರ ರಕ್ಷಣೆಯ ಹಸಿರು ತಂತಿಯೂ ಸೂರಿನ ಕಂಬವೂ ಒಂದೇ ಭೂಸಂಪರ್ಕದ ಪಟ್ಟಿಗೆ ಸೇರಿದ್ದವು. ಬೆಸುಗೆಯ ಪ್ರವಾಹವು ಗೇಟಿನಿಂದ ಮೇಜಿಗೆ, ಮೇಜಿನಿಂದ ಡ್ರಿಲ್ಲಿಗೆ, ಡ್ರಿಲ್ಲಿನಿಂದ ಆ ಸಣ್ಣ ತಂತಿಗೆ ನುಗ್ಗಿ ಕಂಬವನ್ನು ಸೇರಿತ್ತು. ನೂರಕ್ಕೂ ಮಿಕ್ಕ ಆಂಪಿಯರುಗಳನ್ನು ಹೊರಲಾರದೆ ತಂತಿಯು ಗೋಡೆಯ ಕೊಳವೆಯೊಳಗೇ ಕರಗಿ ಕಡಿದಿತ್ತು. ಡ್ರಿಲ್ಲು ಮಾತ್ರ ಎಂದಿನಂತೆ ತಿರುಗುತ್ತಲೇ ಇತ್ತು. ರಕ್ಷಣೆ ಇಲ್ಲವಾದರೂ ಯಂತ್ರ ಓಡುತ್ತದೆ. ಇದೇ ಭೂಸಂಪರ್ಕದ ವಿಷಯದಲ್ಲಿ ನಾವು ಮೋಸಹೋಗುವ ಎಡೆ.

ಮೂರು ತಿಂಗಳು ಕಳೆದು ಮಳೆಗಾಲ ಬಂದಿತು. ತೇವದಿಂದ ಡ್ರಿಲ್ಲಿನ ಒಳಸುರುಳಿಯ ಹೊದಿಕೆ ಶಿಥಿಲವಾಗಿ ವಿದ್ಯುತ್ತು ಕವಚಕ್ಕೆ ಹರಿಯಿತು. ಕರಗಬೇಕಾದ ಫ್ಯೂಸು ಕರಗಲಿಲ್ಲ. ಅದೇ ಕಾರ್ಯಾಗಾರದಲ್ಲಿದ್ದ ಇನ್ನೊಬ್ಬ ಹುಡುಗ, ಅವನೂ ನಮ್ಮ ಶಾಲೆಯವನೇ, ಒದ್ದೆಗಾಲಿನಲ್ಲಿ ಬಂದು ಡ್ರಿಲ್ಲಿನ ಹಿಡಿಗೆ ಕೈಯಿಟ್ಟನು. ಇಟ್ಟ ಕೈ ಬಿಡಲಾಗಲಿಲ್ಲ. ನನ್ನ ವಿದ್ಯಾರ್ಥಿ ಅವನನ್ನು ಎಳೆಯಲು ಧಾವಿಸಿದಾಗ, “ಅವನನ್ನು ಮುಟ್ಟಬೇಡವೋ! ಸ್ವಿಚ್ ಆರಿಸು!” ಎಂದು ಮೇಸ್ತ್ರಿ ಕೂಗಿದರು. ಆ ಒಂದು ಕೂಗು ಇಬ್ಬರನ್ನೂ ಉಳಿಸಿತು. ಆದರೆ ಬಿದ್ದ ಹುಡುಗನ ಬಲಗೈಯ ಎರಡು ಬೆರಳುಗಳು ಮತ್ತೆ ಮಡಿಸಲಿಲ್ಲ.

ಗೋಡೆಯ ಕೊಳವೆಯನ್ನು ಒಡೆದು ನೋಡಿದಾಗ ಸುಟ್ಟ ತಂತಿ ಸಿಕ್ಕಿತು. “ನಾನು ಹಾಕಿದ ಚಿಮುಟ, ಅವನ ಬೆರಳು, ಮೇಷ್ಟ್ರೇ” ಎಂದು ಹೇಳಿ ನನ್ನ ವಿದ್ಯಾರ್ಥಿ ಮೌನವಾದನು. ಹೊರಗಡೆ ಚಿಕ್ಕ ಮೇಜಿನ ಮುಂದೆ ಕುಳಿತು ಎಡಗೈಯಲ್ಲಿ ಲೆಕ್ಕ ಬರೆಯುತ್ತಿದ್ದವನತ್ತ ಅವನ ನೋಟ ಹೊರಳಿತು. ಕಾರ್ಯಾಗಾರ ತೆರೆದ ದಿನದಿಂದ ಅವರಿಬ್ಬರೂ ಸಮಪಾಲುದಾರರು. ನಾನು ಮತ್ತೇನನ್ನೂ ಕೇಳಲಿಲ್ಲ.

ಅಂದಿನಿಂದ ಇಂದಿಗೆ ಯಂತ್ರಗಳು ಬಹಳ ಬದಲಾಗಿವೆ. ಕೈಯಲ್ಲಿ ಎತ್ತಿ ಒಯ್ಯಬಹುದಾದ ಇನ್ವರ್ಟರ್ ಯಂತ್ರಗಳು ಬಂದಿವೆ. ಕೆಲವು ಯಂತ್ರಗಳಲ್ಲಿ, ಬೆಸುಗೆ ನಡೆಯದಿರುವಾಗ ಹೋಲ್ಡರಿನ ವೋಲ್ಟೇಜನ್ನು ತಗ್ಗಿಸುವ ಸಾಧನವೂ ಇದೆ. ೩೦ ಮಿಲಿಆಂಪಿಯರ್ ಸೋರಿದರೂ ಸರಬರಾಜನ್ನು ಕಡಿಯುವ ಸ್ವಿಚ್ಚುಗಳು ಮನೆಮನೆಯಲ್ಲಿ ದೊರೆಯುತ್ತವೆ. ಆದರೆ ಈ ಸ್ವಿಚ್ಚು ಟ್ರಾನ್ಸ್‌ಫಾರ್ಮರಿನ ಆಚೆಗೆ, ಬೆಸುಗೆಯ ಕಡೆಯಲ್ಲಿ ತಗಲುವ ಆಘಾತವನ್ನು ಕಾಣಲಾರದು. ಇನ್ವರ್ಟರಿನ ಒಳಗೆ, ಸ್ವಿಚ್ಚನ್ನು ಆರಿಸಿದ ಮೇಲೂ ಕೆಲವು ನಿಮಿಷ ವಿದ್ಯುತ್ತು ಸಂಗ್ರಹವಾಗಿ ಉಳಿದಿರುತ್ತದೆ. ಸಾಧನಗಳು ಎಚ್ಚರಕ್ಕೆ ನೆರವಾಗಬಲ್ಲವೇ ಹೊರತು ಎಚ್ಚರದ ಸ್ಥಾನದಲ್ಲಿ ನಿಲ್ಲಲಾರವು.

ಆದುದರಿಂದ ಮೊದಲ ಬಾರಿ ಯಂತ್ರವನ್ನು ಚಾಲೂ ಮಾಡುವ ಮುನ್ನ, ರಕ್ಷಣೆಯ ತಂತಿ ಎಲ್ಲಿಯೂ ಕಡಿಯದೆ ಇದೆಯೇ ಎಂಬುದನ್ನೂ, ಹೊದಿಕೆಗಳ ನಿರೋಧವು ಒಂದು ಮೆಗಾಓಮಿಗೆ ಕಡಮೆಯಿಲ್ಲವೇ ಎಂಬುದನ್ನೂ ಉಪಕರಣದಿಂದ ಅಳೆದು ನೋಡುತ್ತಾರೆ. ಒಮ್ಮೆ ಅಳೆದರೆ ಸಾಲದು, ಆಗಾಗ್ಗೆ ಅಳೆಯುತ್ತಿರಬೇಕು. ಯಾರಿಗಾದರೂ ವಿದ್ಯುತ್ತು ತಗುಲಿದರೆ ಮೊದಲು ಸ್ವಿಚ್ಚನ್ನು ಆರಿಸಬೇಕು. ಅದು ಸಾಧ್ಯವಾಗದಿದ್ದರೆ, ಒಣ ನೆಲದಲ್ಲಿ ನಿಂತು ಒಣ ಮರದ ಕೋಲಿನಿಂದ ಅವರನ್ನು ಬಿಡಿಸಬೇಕು. ಉಸಿರು ನಿಂತಿದ್ದರೆ, ಬಲ್ಲವರು ಎದೆಯನ್ನು ಒತ್ತುವ ಪ್ರಥಮ ಚಿಕಿತ್ಸೆಯನ್ನು ಕೂಡಲೇ ಆರಂಭಿಸಬೇಕು, ೧೦೮ಕ್ಕೆ ಕರೆಮಾಡಿಸಬೇಕು.

ನನ್ನ ವಿದ್ಯಾರ್ಥಿ ಪ್ರತಿದಿನ ಬೆಳಗ್ಗೆ ಅಂಗಡಿ ತೆರೆದು, ದೀಪ ಹಚ್ಚಿ, ಮೊದಲು ಮಾಡುವ ಕೆಲಸವೆಂದರೆ ಎರಡು ಕೇಬಲ್ಲುಗಳನ್ನೂ ತುದಿಯಿಂದ ತುದಿಯವರೆಗೆ ಪರೀಕ್ಷಿಸುವುದು. ಹೊಸದಾಗಿ ಸೇರಿದ ಹುಡುಗರಿಗೆ ‘ಅರ್ತ್’ ಎಂಬ ಮಾತನ್ನು ಬಳಸಗೊಡುವುದಿಲ್ಲ. ಒಂದನ್ನು ‘ಭೂಸಂಪರ್ಕ’ ಎನ್ನಬೇಕು, ಇನ್ನೊಂದನ್ನು ‘ಹಿಂದಿರುಗುವ ಕೇಬಲ್’ ಎನ್ನಬೇಕು. ನಲವತ್ತು ವರ್ಷಗಳ ಹತ್ತಿರ ಭಾಷೆಯನ್ನು ಬೋಧಿಸಿದ ನನಗೆ, ಒಂದು ಪದವನ್ನು ಸರಿಯಾಗಿ ಬಳಸುವುದರಲ್ಲಿ ಎಷ್ಟು ಜೀವಗಳ ಕ್ಷೇಮ ಅಡಗಿರಬಹುದೆಂಬುದು ಆ ಅಂಗಡಿಯಲ್ಲಿ ತಿಳಿಯಿತು. ನಾವು ಮಾಡಿದ ಕೆಲಸವು ನಮ್ಮ ಕಣ್ಮುಂದೆಯೇ ಮುಗಿಯುವುದಿಲ್ಲ. ನಾವು ಕಾಣದ ದಾರಿಯಲ್ಲಿ ಹರಿದು, ನಾವು ಕಾಣದವರನ್ನು ತಲುಪುತ್ತದೆ. ಆ ದಾರಿಯನ್ನು ಮೊದಲೇ ನೋಡಿ ಭದ್ರಪಡಿಸುವವನೇ ನಿಜವಾದ ಕೆಲಸಗಾರ.

ಪದಗಳ ಅರ್ಥ

ಚಾಪ – ಬಿಲ್ಲು. ವಿದ್ಯುಚ್ಚಾಪ – ಎರಡು ವಾಹಕಗಳ ನಡುವೆ ಬಿಲ್ಲಿನಂತೆ ಬಾಗಿ ಉರಿಯುವ ವಿದ್ಯುತ್ತು
ಅಡಿಗಲ್ಲು – ಕಮ್ಮಾರನು ಕಾದ ಲೋಹವನ್ನಿಟ್ಟು ಬಡಿಯುವ ಆಧಾರ
ಇರಚಲು – ಗಾಳಿಯಿಂದ ಓರೆಯಾಗಿ ಬೀಳುವ ಮಳೆಹನಿ
ಭೂಸಂಪರ್ಕ – ಯಂತ್ರದ ಕವಚವನ್ನು ನೆಲಕ್ಕೆ ಜೋಡಿಸುವ ವ್ಯವಸ್ಥೆ
ನಿರೋಧ – ತಡೆ
ಶಿಥಿಲ – ಸಡಿಲವಾದ, ದುರ್ಬಲವಾದ
ಒರೆಹಚ್ಚು – ಪರೀಕ್ಷಿಸು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. ವಿದ್ಯುಚ್ಚಾಪಕ್ಕೆ ಆ ಹೆಸರು ಬರಲು ಕಾರಣವೇನು?
೨. ಬೆಸುಗೆಯ ಕಡ್ಡಿಗೆ ಲೇಪವನ್ನು ಕೊಟ್ಟವರು ಯಾರು?
೩. ಹಸಿರು ತಂತಿಯನ್ನು ಉಳಿದವುಗಳಿಗಿಂತ ಉದ್ದವಾಗಿ ಬಿಡುವುದೇಕೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
೧. ೮೦ ವೋಲ್ಟ್ ಕೂಡ ಅಪಾಯಕಾರಿಯಾಗಬಹುದೆಂಬುದನ್ನು ಲೆಕ್ಕದ ಮೂಲಕ ತೋರಿಸಿರಿ.
೨. ಭೂಸಂಪರ್ಕದ ತಂತಿ ಕಡಿದಿದ್ದರೂ ಯಾರಿಗೂ ಏಕೆ ತಿಳಿಯಲಿಲ್ಲ?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಗೋಡೆಯ ಮೇಲಿನ ಸುಟ್ಟ ತಂತಿಯ ಕಥೆಯನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
೨. ‘ಒಂದು ಪದವನ್ನು ಸರಿಯಾಗಿ ಬಳಸುವುದರಲ್ಲಿ ಜೀವಗಳ ಕ್ಷೇಮ ಅಡಗಿದೆ’ ಎಂಬುದನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.

ಈ) ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
೧. “ನಾನು ಹಾಕಿದ ಚಿಮುಟ, ಅವನ ಬೆರಳು, ಮೇಷ್ಟ್ರೇ.”
೨. “ಅವನನ್ನು ಮುಟ್ಟಬೇಡವೋ! ಸ್ವಿಚ್ ಆರಿಸು!”

ಉ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಊರೂರು, ಮಳೆಗಾಲ, ವಿದ್ಯುಚ್ಚಾಪ.

ಊ) ವಿಗ್ರಹವಾಕ್ಯ ಬರೆದು ಸಮಾಸವನ್ನು ಹೆಸರಿಸಿರಿ: ಹಗಲಿರುಳು, ಬರಿಗೈ, ಕಲ್ಲುಬೆಂಚು.